ಹಳೆ ಲ್ಯಾಪ್‌ಟಾಪ್‌ನಲ್ಲಿ ಮನೆಮಂದಿಯ ಇ-ಪುಸ್ತಕ ಭಂಡಾರ: ಡಾಕರ್‌ನಲ್ಲಿ ಕ್ಯಾಲಿಬರ್-ವೆಬ್ ನಡೆಸುವ ಬಗೆ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರ ಫೋನ್ ತೆರೆದು ನೋಡಿದರೂ ಡೌನ್‌ಲೋಡ್ಸ್ ಫೋಲ್ಡರ್ ತುಂಬ ಪಿಡಿಎಫ್. ವಾಟ್ಸಾಪ್ ಗುಂಪಿಗೆ ಬಂದದ್ದು, ಟೆಲಿಗ್ರಾಂನಿಂದ ಇಳಿಸಿದ್ದು, ರೂಮ್‌ಮೇಟ್ ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದು. ಒಂದೇ ಪುಸ್ತಕ ಮೂರು ಹೆಸರಲ್ಲಿ ಇರುತ್ತದೆ, ಬೇಕಾದಾಗ ಒಂದೂ ಸಿಗುವುದಿಲ್ಲ. ಇದರ ಮೇಲೆ ಅಪ್ಪ ಓದುವ ವಚನಗಳು, ತಂಗಿಯ ಪಠ್ಯಪುಸ್ತಕ. ನಮ್ಮ ಭಾಗದ ಮನೆಗಳಲ್ಲಿ ಉರ್ದು, ಮರಾಠಿ, ತೆಲುಗು ಓದುವವರೂ ಇರುತ್ತಾರೆ, ಅವರದ್ದೂ ಸೇರಿಸಿಕೊಳ್ಳಿ.

ಇದಕ್ಕೆಲ್ಲ ಮನೆಯಲ್ಲೇ ಒಂದು ಸಣ್ಣ ಪುಸ್ತಕ ಸರ್ವರ್, ಅಂದರೆ ಮನೆಯ ಎಲ್ಲ ಫೋನ್, ಕಂಪ್ಯೂಟರ್‌ಗಳಿಗೆ ಪುಸ್ತಕ ಒದಗಿಸುವ ಯಂತ್ರ, ಇಟ್ಟುಕೊಳ್ಳಬಹುದು. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆ ಲ್ಯಾಪ್‌ಟಾಪ್ ಸಾಕು. ಸಾಫ್ಟ್‌ವೇರ್ ಹಾಕುವುದು ಅರ್ಧ ದಿನದ ಕೆಲಸ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪುಸ್ತಕಗಳ ಫೋಲ್ಡರ್ ಎಲ್ಲಿ ಇಡುತ್ತೀರಿ, ಕನ್ನಡದ ಹೆಸರುಗಳನ್ನು ಹೇಗೆ ಬರೆಯುತ್ತೀರಿ, ಭಂಡಾರ ಬಾಳುವುದು ಈ ಎರಡರ ಮೇಲೆ.

ಒಂದು ಸೂಚನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಕೊಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು.

ಕ್ಯಾಲಿಬರ್ ಬೇರೆ, ಕ್ಯಾಲಿಬರ್-ವೆಬ್ ಬೇರೆ

ಹೊಸಬರು ಎಡವುವುದು ಇಲ್ಲೇ. ಕ್ಯಾಲಿಬರ್ ಅಂದರೆ ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಉಚಿತ ಡೆಸ್ಕ್‌ಟಾಪ್ ತಂತ್ರಾಂಶ. ಪುಸ್ತಕ ಸೇರಿಸುವುದು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವುದು, ಲೇಖಕರ ಹೆಸರು ತಿದ್ದುವುದು, ಎಲ್ಲ ಅದರಲ್ಲಿ ಆಗುತ್ತದೆ. ಆದರೆ ಅದು ಒಬ್ಬರು ಕುರ್ಚಿ ಹಾಕಿಕೊಂಡು ಕೂತು ಬಳಸುವಂಥದ್ದು.

ಕ್ಯಾಲಿಬರ್-ವೆಬ್ ಬೇರೆಯವರು ಮಾಡಿದ ಬೇರೆ ತಂತ್ರಾಂಶ. ಕ್ಯಾಲಿಬರ್ ಕಟ್ಟಿದ ಭಂಡಾರವನ್ನೇ ಅದು ಓದಿ, ಮುಖಪುಟಗಳ ಸಮೇತ ಬ್ರೌಸರ್‌ನಲ್ಲಿ ತೋರಿಸುತ್ತದೆ. ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಬಹುದು. ನಾವು ಡಾಕರ್ ಎಂಬ ಸಾಧನದಿಂದ ಕಂಟೈನರ್‌ನಲ್ಲಿ, ಅಂದರೆ ಬೇಕಾದದ್ದೆಲ್ಲ ತುಂಬಿದ ಪ್ರತ್ಯೇಕ ಡಬ್ಬಿಯಲ್ಲಿ, ನಡೆಸುವುದು ಇದನ್ನು. ಡೆಸ್ಕ್‌ಟಾಪ್ ಕ್ಯಾಲಿಬರ್ ಕೂಡ ನಿಮ್ಮ ನಿತ್ಯದ ಕಂಪ್ಯೂಟರ್‌ನಲ್ಲಿ ಇರಲಿ. ಅದಿಲ್ಲದೆ ಶುರು ಮಾಡುವುದು ಕಷ್ಟ, ಯಾಕೆ ಅನ್ನುವುದು ಮುಂದೆ ಬರುತ್ತದೆ.

ಕವಿತಾ, ಕೊಮ್ಗಾ ಅನ್ನುವ ತಂತ್ರಾಂಶಗಳೂ ಇವೆ. ಕಾಮಿಕ್ಸ್, ಮಾಂಗಾ ಹೆಚ್ಚು ಓದುವವರಿಗೆ ಅವು ಚೆನ್ನ. ಕನ್ನಡ ಪುಸ್ತಕ, ನೋಟ್ಸ್, ಪಠ್ಯಪುಸ್ತಕ ಬೆರೆತ ಮನೆಗೆ ಕ್ಯಾಲಿಬರ್-ವೆಬ್ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಯಂತ್ರ, ಅದರ ಜೊತೆ ನಮ್ಮ ಬಿಸಿಲು

4 ಜಿಬಿ ರ‍್ಯಾಮ್ ಇರುವ ಯಾವ ಲ್ಯಾಪ್‌ಟಾಪ್ ಆದರೂ ಆಗುತ್ತದೆ. ಸ್ಕ್ರೀನ್ ಒಡೆದಿದ್ದರೂ ಪರವಾಗಿಲ್ಲ. ಡೆಬಿಯನ್ ಅಥವಾ ಉಬುಂಟು ಸರ್ವರ್ ಎಂಬ ಉಚಿತ ಲಿನಕ್ಸ್ ಕಾರ್ಯವ್ಯವಸ್ಥೆ ಹಾಕಿಕೊಳ್ಳಿ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ದೆಗೆ ಜಾರುತ್ತದೆ. ಅದನ್ನು ತಪ್ಪಿಸಲು ಲಾಗಿನ್‌ಡಿ ಸೆಟಿಂಗ್ ಫೈಲ್‌ನಲ್ಲಿ ಹ್ಯಾಂಡಲ್ ಲಿಡ್ ಸ್ವಿಚ್ ಅನ್ನುವ ಸಾಲಿಗೆ ಇಗ್ನೋರ್ ಎಂದು ಕೊಡಿ. ಯಂತ್ರ ಸರಾಸರಿ 15 ವಾಟ್ ಎಳೆಯುತ್ತದೆ ಅಂದುಕೊಂಡರೂ ತಿಂಗಳಿಗೆ ಸುಮಾರು 11 ಯೂನಿಟ್ ಕರೆಂಟ್ ಅಷ್ಟೇ.

ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಹೊಸದೇನಲ್ಲ. ಹಾಗಾಗಿ ಯಂತ್ರವನ್ನು ಅಟ್ಟದ ಮೇಲೆ, ಪತ್ರಾಸಿನ ಕೆಳಗೆ, ಮುಚ್ಚಿದ ಕಪಾಟಿನೊಳಗೆ ಇಡಬೇಡಿ. ನೆಲಕ್ಕೆ ಹತ್ತಿರ, ಶಹಾಬಾದಿ ಪರಸಿಯ ಹಲಗೆ ಮೇಲೆ, ಗಾಳಿ ಆಡುವ ಕಡೆ ಇಡಿ. ಲ್ಯಾಪ್‌ಟಾಪ್ ಬದಲು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸುವವರು ಇನ್ನೂ ಹುಷಾರಾಗಿರಬೇಕು. ಅದರ ಚಿಪ್ 80 ಡಿಗ್ರಿ ಮುಟ್ಟಿದ ಕೂಡಲೇ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಇಲ್ಲದ ಡಬ್ಬಿಯಲ್ಲಿಟ್ಟು ಆಮೇಲೆ ನಿಧಾನ ಅಂತ ಬೈಯಬಾರದು, ಅಲ್ವಾ? ಪೈ ಆದರೆ ಪುಸ್ತಕಗಳನ್ನು ಮೈಕ್ರೋ ಎಸ್‌ಡಿ ಕಾರ್ಡ್‌ನಲ್ಲಿ ಇಡದೆ ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಇಡಿ.

ಲ್ಯಾಪ್‌ಟಾಪ್ ಬ್ಯಾಟರಿಯೇ ಒಂದು ಯುಪಿಎಸ್, ಅದು ಲಾಭ. ಆದರೆ ವರ್ಷಗಟ್ಟಲೆ ಚಾರ್ಜರ್‌ಗೆ ಸಿಕ್ಕಿಸಿಟ್ಟ ಹಳೆ ಬ್ಯಾಟರಿ ಈ ಸೆಕೆಗೆ ಉಬ್ಬಬಹುದು. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಆಫ್ ಮಾಡಿ ಬ್ಯಾಟರಿ ತೆಗೆಸಿ, ಯಂತ್ರವನ್ನು ಮನೆಯ ಇನ್ವರ್ಟರ್ ಲೈನಿಗೆ ಹಾಕಿ. ರೌಟರ್ ಕೂಡ ಅದೇ ಲೈನಿನಲ್ಲಿರಲಿ. ಸರ್ವರ್ ಎದ್ದಿದ್ದು ವೈಫೈ ಮಲಗಿದ್ದರೆ ಏನು ಬಂತು?

ಡಾಕರ್ ಮತ್ತು ಎರಡು ಫೋಲ್ಡರ್

ಕಂಟೈನರ್ ಅಂದರೆ ಬಾಡಿಗೆ ಮನೆ ಇದ್ದಂತೆ. ಮನೆ ಬದಲಾದರೂ ಸಾಮಾನು ನಿಮ್ಮದೇ. ತಂತ್ರಾಂಶ, ಅದಕ್ಕೆ ಬೇಕಾದ ಪೈಥಾನ್, ಲೈಬ್ರರಿಗಳು ಎಲ್ಲ ಕಂಟೈನರ್ ಒಳಗೆ ಇರುತ್ತವೆ. ಅದನ್ನು ಅಳಿಸಿ ಹೊಸದು ಎಬ್ಬಿಸಲು ಎರಡು ನಿಮಿಷ ಸಾಕು. ಪುಸ್ತಕಗಳು ಮಾತ್ರ ಯಾವತ್ತೂ ಕಂಟೈನರ್ ಹೊರಗೆ, ನಿಮ್ಮ ಡಿಸ್ಕ್‌ನಲ್ಲೇ ಇರಬೇಕು.

ಡಾಕರ್ ಹಾಕಲು ಡಾಕರ್‌ನವರದೇ ಇನ್‌ಸ್ಟಾಲ್ ಸ್ಕ್ರಿಪ್ಟ್ ಇದೆ, ಗೆಟ್ ಡಾಟ್ ಡಾಕರ್ ಡಾಟ್ ಕಾಮ್ ವಿಳಾಸದಲ್ಲಿ. ಅದು ಮುಗಿದ ಮೇಲೆ ನಿಮ್ಮ ಬಳಕೆದಾರ ಹೆಸರನ್ನು ಡಾಕರ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಒಂದು ಫೈಲ್‌ನಲ್ಲಿ ಬರೆದಿಟ್ಟಂತೆ ಕಂಟೈನರ್ ಎಬ್ಬಿಸುವ ಆಜ್ಞೆ ಡಾಕರ್ ಕಂಪೋಸ್. ಹಳೆ ಬರಹಗಳಲ್ಲಿ ಈ ಎರಡು ಪದಗಳ ನಡುವೆ ಹೈಫನ್ ಇರುತ್ತದೆ. ಈಗ ಹೈಫನ್ ಇಲ್ಲ, ನಡುವೆ ಖಾಲಿ ಜಾಗ ಬಿಡಬೇಕು.

ಈಗ ಎಸ್‌ಆರ್‌ವಿ ಡೈರೆಕ್ಟರಿ ಒಳಗೆ ಪುಸ್ತಕ ಅನ್ನುವ ಫೋಲ್ಡರ್ ಮಾಡಿ. ಅದರೊಳಗೆ ಎರಡು: ಕಾನ್ಫಿಗ್, ಬುಕ್ಸ್. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಖಾಲಿ ಜಾಗ ಬೇಡ. ಕಾನ್ಫಿಗ್‌ನಲ್ಲಿ ಲಾಗಿನ್, ಸೆಟಿಂಗ್, ಯಾರು ಯಾವ ಪುಸ್ತಕ ಓದಿ ಮುಗಿಸಿದರು ಅನ್ನುವ ಲೆಕ್ಕ ಕೂರುತ್ತದೆ. ಬುಕ್ಸ್‌ನಲ್ಲಿ ಪುಸ್ತಕಗಳು, ಅವುಗಳ ಜೊತೆ ಮೆಟಾಡೇಟಾ ಡಾಟ್ ಡಿಬಿ ಅನ್ನುವ ಒಂದು ಫೈಲ್. ಇಡೀ ಭಂಡಾರದ ಸೂಚಿ ಆ ಒಂದೇ ಫೈಲ್‌ನಲ್ಲಿದೆ.

ಬುಕ್ಸ್ ಫೋಲ್ಡರ್ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿದ್ದರೆ ಒಂದು ಕಾಟ ಬರುತ್ತದೆ, ಮೊದಲೇ ತಿಳಿದಿರಲಿ. ಕರೆಂಟ್ ಹೋಗಿ ಬಂದಾಗ ಡಿಸ್ಕ್ ಮೌಂಟ್ ಆಗುವ, ಅಂದರೆ ವ್ಯವಸ್ಥೆಗೆ ಜೋಡಣೆಯಾಗುವ, ಮೊದಲೇ ಡಾಕರ್ ಎದ್ದರೆ, ಅದಕ್ಕೆ ಫೋಲ್ಡರ್ ಕಾಣುವುದಿಲ್ಲ. ಆಗ ಅದು ಕೇಳದೆಯೇ ಅದೇ ಹೆಸರಿನ ಖಾಲಿ ಫೋಲ್ಡರ್ ಮಾಡಿಬಿಡುತ್ತದೆ, ಅದೂ ರೂಟ್ ಅನ್ನುವ ಮುಖ್ಯ ಬಳಕೆದಾರನ ಹೆಸರಲ್ಲಿ. ಬ್ರೌಸರ್ ತೆರೆದರೆ ಭಂಡಾರವೇ ಮಾಯ. ಪುಸ್ತಕ ಎಲ್ಲೂ ಹೋಗಿರುವುದಿಲ್ಲ. ಕಂಟೈನರ್ ನಿಲ್ಲಿಸಿ, ಡಿಸ್ಕ್ ಮೌಂಟ್ ಮಾಡಿ, ಮತ್ತೆ ಎಬ್ಬಿಸಿದರೆ ಎಲ್ಲ ಬರುತ್ತದೆ. ಇದು ಪದೇ ಪದೇ ಆಗದಿರಲು ಎಫ್‌ಎಸ್‌ಟ್ಯಾಬ್ ಅನ್ನುವ ಸೆಟಿಂಗ್ ಫೈಲ್‌ನಲ್ಲಿ ಡಿಸ್ಕ್‌ನ ಯುಯುಐಡಿ (ಗುರುತಿನ ಸಂಖ್ಯೆ) ಬರೆದು ಬೂಟ್ ಆಗುವಾಗಲೇ ಮೌಂಟ್ ಆಗುವಂತೆ ಮಾಡಿ. ಡಿಸ್ಕ್ ಎಕ್ಸ್‌ಟಿ4 ರೂಪದಲ್ಲಿರಲಿ. ವಿಂಡೋಸ್‌ನ ಎಕ್ಸ್‌ಫ್ಯಾಟ್ ಆದರೆ ಲಿನಕ್ಸ್ ಅನುಮತಿಗಳು ಅದರ ಮೇಲೆ ನಿಲ್ಲುವುದಿಲ್ಲ.

ಕಂಪೋಸ್ ಫೈಲ್

ಲಿನಕ್ಸ್‌ಸರ್ವರ್ ತಂಡ ಕ್ಯಾಲಿಬರ್-ವೆಬ್‌ಗೆ ಸಿದ್ಧ ಇಮೇಜ್, ಅಂದರೆ ಕಂಟೈನರ್ ಹುಟ್ಟುವ ಅಚ್ಚು, ಕೊಡುತ್ತದೆ. ಅವರ ದಾಖಲೆ ಪುಟದಲ್ಲಿ ಕಂಪೋಸ್ ಫೈಲ್‌ನ ಮಾದರಿಯೂ ಇದೆ. ಸುಮ್ನೆ ಅದನ್ನೇ ಕಾಪಿ ಮಾಡಿ, ಪುಸ್ತಕ ಫೋಲ್ಡರ್‌ನಲ್ಲಿ ಕಂಪೋಸ್ ಡಾಟ್ ಯಾಮಲ್ ಹೆಸರಲ್ಲಿ ಉಳಿಸಿ. ನೀವು ಮುಟ್ಟಬೇಕಾದ ಸಾಲುಗಳು ಕೆಲವೇ.

ಪಿಯುಐಡಿ, ಪಿಜಿಐಡಿ: ಕಂಟೈನರ್ ಯಾವ ಬಳಕೆದಾರ, ಯಾವ ಗುಂಪಿನ ಹೆಸರಲ್ಲಿ ಓಡಬೇಕು ಅನ್ನುವ ಸಂಖ್ಯೆಗಳು. ಟರ್ಮಿನಲ್‌ನಲ್ಲಿ ಐಡಿ ಎಂದು ಟೈಪ್ ಮಾಡಿದರೆ ನಿಮ್ಮ ಸಂಖ್ಯೆ ತೋರಿಸುತ್ತದೆ. ಮೊದಲ ಬಳಕೆದಾರರಿಗೆ ಸಾಮಾನ್ಯವಾಗಿ 1000. ಕಾನ್ಫಿಗ್, ಬುಕ್ಸ್ ಎರಡೂ ಫೋಲ್ಡರ್‌ಗಳ ಒಡೆತನ ಇದೇ ಸಂಖ್ಯೆಯ ಬಳಕೆದಾರರ ಹೆಸರಲ್ಲಿರಬೇಕು. ಇದು ತಪ್ಪಿದರೆ ಪುಸ್ತಕ ಕಾಣುತ್ತದೆ, ಆದರೆ ಹೊಸದು ಸೇರಿಸಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ.

ಟಿಜೆಡ್ (ಸಮಯ ವಲಯ): ಏಷ್ಯಾ, ಓರೆಗೆರೆ (/), ಕೋಲ್ಕತಾ. ಇಡೀ ದೇಶಕ್ಕೆ ಇದೊಂದೇ, ಬೆಂಗಳೂರು ಹುಡುಕಬೇಡಿ.

ವಾಲ್ಯೂಮ್ಸ್: ಎರಡು ಸಾಲು. ಪ್ರತಿ ಸಾಲಿನಲ್ಲಿ ಕೋಲನ್‌ನ ಎಡಕ್ಕೆ ನಿಮ್ಮ ಫೋಲ್ಡರ್, ಬಲಕ್ಕೆ ಕಂಟೈನರ್ ಒಳಗೆ ಅದಕ್ಕಿರುವ ಹೆಸರು. ಎಡಗಡೆಯದನ್ನು ಮಾತ್ರ ಬದಲಿಸಿ.

ಪೋರ್ಟ್ಸ್ (ಬ್ರೌಸರ್ ಒಳಬರುವ ಬಾಗಿಲಿನ ಸಂಖ್ಯೆ): 8083, ಕೋಲನ್, 8083. ಇಲ್ಲೂ ಎಡಗಡೆಯದು ನಿಮ್ಮದು. ಆ ಸಂಖ್ಯೆಯನ್ನು ಬೇರೇನಾದರೂ ಬಳಸುತ್ತಿದ್ದರೆ ಎಡಗಡೆ 8090 ಹಾಕಿಕೊಳ್ಳಿ.

ರೀಸ್ಟಾರ್ಟ್: ಅನ್‌ಲೆಸ್-ಸ್ಟಾಪ್ಡ್. ಯಂತ್ರ ಮತ್ತೆ ಆನ್ ಆದ ಕೂಡಲೇ ಭಂಡಾರವೂ ತಾನಾಗಿ ಏಳಲು ಈ ಸಾಲು ಬೇಕೇ ಬೇಕು.

ಡಾಕರ್ ಮಾಡ್ಸ್ ಅನ್ನುವ ಇನ್ನೊಂದು ಸಾಲಿದೆ. ಅದರಲ್ಲಿ ಯೂನಿವರ್ಸಲ್ ಕ್ಯಾಲಿಬರ್ ಹಾಕಿದರೆ ಪುಸ್ತಕಗಳ ರೂಪ ಬದಲಿಸುವ ಸಾಧನಗಳು ಕಂಟೈನರ್ ಒಳಗೂ ಬರುತ್ತವೆ. ಮೊದಲಿಗೆ ಅದನ್ನು ತೆಗೆದುಬಿಡಿ. ಡೆಸ್ಕ್‌ಟಾಪ್ ಕ್ಯಾಲಿಬರ್ ಆ ಕೆಲಸ ಮಾಡುತ್ತದೆ.

ಯಾಮಲ್‌ನಲ್ಲಿ ಟ್ಯಾಬ್ ಒತ್ತಬಾರದು. ಸಾಲಿನ ಮುಂದಿನ ಜಾಗವೆಲ್ಲ ಸ್ಪೇಸ್‌ಬಾರ್‌ನಿಂದಲೇ ಬರಬೇಕು, ಮಾದರಿಯಲ್ಲಿ ಇದ್ದಷ್ಟೇ ಇರಬೇಕು.

ಇನ್ನು ಆ ಫೋಲ್ಡರ್‌ನಲ್ಲಿ ನಿಂತು ಡಾಕರ್ ಕಂಪೋಸ್ ಅಪ್, ಕೊನೆಗೆ ಹೈಫನ್ ಡಿ ಕೊಡಿ. ಏನಾದರೂ ಕೈಕೊಟ್ಟರೆ ಡಾಕರ್ ಕಂಪೋಸ್ ಲಾಗ್ಸ್ ಓದಿ. ಕೊನೆಯ ಹತ್ತು ಸಾಲಿನಲ್ಲೇ ಕಾರಣ ಇರುತ್ತದೆ.

ಮೊದಲ ಲಾಗಿನ್

ಅದೇ ವೈಫೈನಲ್ಲಿರುವ ಫೋನ್ ಅಥವಾ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಸರ್ವರ್‌ನ ಐಪಿ ವಿಳಾಸ, ಕೋಲನ್, 8083 ಹೊಡೆಯಿರಿ. ಈ ಐಪಿ ದಿನಕ್ಕೊಂದಾಗದಿರಲು ರೌಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಈ ಯಂತ್ರಕ್ಕೆ ಒಂದು ವಿಳಾಸ ಕಾಯ್ದಿರಿಸಿ. ಲಾಗಿನ್ ಹೆಸರು ಅಡ್ಮಿನ್, ಪಾಸ್‌ವರ್ಡ್ ಅಡ್ಮಿನ್123. ಇದು ಊರಿಗೆಲ್ಲ ಗೊತ್ತಿರುವ ಪಾಸ್‌ವರ್ಡ್, ಒಳಗೆ ಹೋದ ಕೂಡಲೇ ಬದಲಿಸಿ.

ಆಮೇಲೆ ಅದು ಕ್ಯಾಲಿಬರ್ ಡೇಟಾಬೇಸ್ ಎಲ್ಲಿದೆ ಎಂದು ಕೇಳುತ್ತದೆ. ಓರೆಗೆರೆ, ಬುಕ್ಸ್ ಎಂದು ಕೊಡಿ, ಕಂಟೈನರ್ ಒಳಗಿನ ಹೆಸರೇ ಬೇಕು. ಆ ಫೋಲ್ಡರ್ ಖಾಲಿ ಇದ್ದರೆ ಒಪ್ಪುವುದಿಲ್ಲ. ಡೆಸ್ಕ್‌ಟಾಪ್ ಕ್ಯಾಲಿಬರ್ ಬೇಕು ಎಂದದ್ದು ಇದಕ್ಕೇ. ಅದರಲ್ಲಿ ಹೊಸ ಲೈಬ್ರರಿ ಮಾಡಿ, ಒಂದೆರಡು ಪುಸ್ತಕ ಸೇರಿಸಿ, ಆ ಲೈಬ್ರರಿ ಫೋಲ್ಡರ್‌ನಲ್ಲಿರುವುದನ್ನೆಲ್ಲ ಸರ್ವರ್‌ನ ಬುಕ್ಸ್ ಒಳಗೆ ಕಾಪಿ ಮಾಡಿ.

ಬ್ರೌಸರ್‌ನಿಂದಲೇ ಪುಸ್ತಕ ಸೇರಿಸಬೇಕಾದರೆ ಅಡ್ಮಿನ್ ಪುಟದ ಬೇಸಿಕ್ ಕಾನ್ಫಿಗರೇಶನ್‌ನಲ್ಲಿ ಅಪ್‌ಲೋಡ್ ಆನ್ ಮಾಡಬೇಕು. ಅಷ್ಟು ಸಾಲದು. ಆ ಬಳಕೆದಾರರ ಪುಟದಲ್ಲೂ ಅಪ್‌ಲೋಡ್ ಅನುಮತಿ ಕೊಡಬೇಕು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ, ಬಟನ್ ಎಲ್ಲಿ ಅಂತ ಹುಡುಕುತ್ತಾ ಕೂರುತ್ತಾರೆ.

ಇನ್ನೊಂದು ನಿಯಮ: ಡೆಸ್ಕ್‌ಟಾಪ್ ಕ್ಯಾಲಿಬರ್ ಮತ್ತು ಕ್ಯಾಲಿಬರ್-ವೆಬ್ ಒಂದೇ ಹೊತ್ತಿಗೆ ಅದೇ ಭಂಡಾರಕ್ಕೆ ಬರೆಯಬಾರದು. ಮೆಟಾಡೇಟಾ ಡಾಟ್ ಡಿಬಿ ಒಂದು ಎಸ್‌ಕ್ಯುಎಲೈಟ್ ಫೈಲ್, ಅಂದರೆ ಒಂದೇ ಫೈಲ್‌ನಲ್ಲಿರುವ ಡೇಟಾಬೇಸ್. ನೆಟ್‌ವರ್ಕ್ ಫೋಲ್ಡರ್ ಮೂಲಕ ಇಬ್ಬರು ಒಟ್ಟಿಗೆ ಕೈ ಹಾಕಿದರೆ ಅದು ಕೆಡಬಹುದು. ದೊಡ್ಡ ತಿದ್ದುಪಡಿ ಇದ್ದಾಗ ಕಂಟೈನರ್ ನಿಲ್ಲಿಸಿ, ಕ್ಯಾಲಿಬರ್‌ನಲ್ಲಿ ಕೆಲಸ ಮುಗಿಸಿ, ಮತ್ತೆ ಎಬ್ಬಿಸಿ.

ಕನ್ನಡ ಹೆಸರುಗಳು: ನಿಜವಾದ ಕೆಲಸ ಇದು

ಇಂಗ್ಲಿಷ್ ಪುಸ್ತಕವಾದರೆ ಮೆಟಾಡೇಟಾ ಹುಡುಕು ಬಟನ್ ಒತ್ತಿದರೆ ಸಾಕು, ಮುಖಪುಟ, ಲೇಖಕ, ವರ್ಷ ಎಲ್ಲ ಬರುತ್ತದೆ. ಕನ್ನಡಕ್ಕೆ ಆ ಭಾಗ್ಯ ಕಡಿಮೆ. ಕೈಯಿಂದಲೇ ಬರೆಯಬೇಕು.

ಡಿಟಿಪಿ ಅಂಗಡಿಯಲ್ಲಿ ಹುಟ್ಟಿದ ಪಿಡಿಎಫ್ ಸೇರಿಸಿ ನೋಡಿ. ಶೀರ್ಷಿಕೆ ಜಾಗದಲ್ಲಿ ಮೈಕ್ರೋಸಾಫ್ಟ್ ವರ್ಡ್, ಡಾಕ್ಯುಮೆಂಟ್1 ಎಂದಿರುತ್ತದೆ. ಲೇಖಕರ ಜಾಗದಲ್ಲಿ ಅಡ್ಮಿನ್, ಇಲ್ಲವೇ ಆ ಅಂಗಡಿಯ ಕಂಪ್ಯೂಟರ್ ಹೆಸರು. ಹೀಗೆ ನಲವತ್ತು ಪುಸ್ತಕ ಒಟ್ಟಿಗೆ ಸುರಿದರೆ ಅಡ್ಮಿನ್ ಎಂಬ ಮಹಾನ್ ಲೇಖಕರು ನಿಮ್ಮ ಭಂಡಾರದಲ್ಲಿ ಹುಟ್ಟುತ್ತಾರೆ. ಹಾಗಾಗಿ ಒಂದೊಂದಾಗಿ ಸೇರಿಸಿ, ಆಗಲೇ ತಿದ್ದಿ.

ಲೇಖಕರ ಹೆಸರಿಗೆ ಮನೆಯಲ್ಲಿ ಒಂದೇ ಪದ್ಧತಿ ಇರಲಿ. ಇನಿಷಿಯಲ್ ನಂತರ ಚುಕ್ಕಿ, ಚುಕ್ಕಿ ನಂತರ ಒಂದು ಖಾಲಿ ಜಾಗ. ಬಿ. ಎಸ್. ಎಂದು ಒಮ್ಮೆ, ಬಿ.ಎಸ್. ಎಂದು ಇನ್ನೊಮ್ಮೆ ಬರೆದರೆ ಕ್ಯಾಲಿಬರ್‌ಗೆ ಅವರು ಇಬ್ಬರು ಬೇರೆ ಮನುಷ್ಯರು. ಇದಕ್ಕಿಂತ ಕಿರಿಕಿರಿ ಕಣ್ಣಿಗೆ ಕಾಣದ ಅಕ್ಷರಗಳದ್ದು. ಬ್ಯಾಂಕ್‌ಗಳು ಎಂದು ಬರೆಯುವಾಗ ಕ್ ಮತ್ತು ಗ ನಡುವೆ ಒತ್ತಕ್ಷರ ಆಗದಿರಲಿ ಎಂದು ಕೀಬೋರ್ಡ್ ಒಂದು ಅದೃಶ್ಯ ಚಿಹ್ನೆ ಸೇರಿಸುತ್ತದೆ. ಕೆಲವು ಕೀಬೋರ್ಡ್‌ಗಳು ಪದದ ಕೊನೆಗೂ ಅದನ್ನು ಬಿಟ್ಟು ಹೋಗುತ್ತವೆ. ಬ್ಯಾಂಕ್ ಎಂಬ ಎರಡು ಟ್ಯಾಗ್ ಪಕ್ಕ ಪಕ್ಕ ಕಂಡರೆ, ಅಕ್ಷರ ಒಂದೇ ಆದರೂ ಎಣಿಕೆ ಬೇರೆ ಬೇರೆ ತೋರಿಸಿದರೆ, ಕಾರಣ ಅದೇ. ಡೆಸ್ಕ್‌ಟಾಪ್ ಕ್ಯಾಲಿಬರ್‌ನಲ್ಲಿ ಲೇಖಕರನ್ನೂ ಟ್ಯಾಗ್‌ಗಳನ್ನೂ ನಿರ್ವಹಿಸುವ ಪಟ್ಟಿ ಇದೆ. ಒಂದನ್ನು ಇನ್ನೊಂದರ ಹೆಸರಿಗೆ ಬದಲಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ಆ ಹೆಸರನ್ನು ಮತ್ತೆ ಟೈಪ್ ಮಾಡದೆ ಸರಿ ಇರುವುದನ್ನೇ ಕಾಪಿ ಮಾಡಿ ಅಂಟಿಸಿ.

ಕ್ಯಾಲಿಬರ್ ಲೇಖಕರನ್ನು ಅಕಾರಾದಿಯಲ್ಲಿ ಜೋಡಿಸಲು ಕೊನೆಯ ಪದವನ್ನು ಮುಂದೆ ತರುತ್ತದೆ. ಪಾಟೀಲ, ಕುಲಕರ್ಣಿ, ಹಿರೇಮಠ ಹೀಗೆ ಅಡ್ಡಹೆಸರು ಕೊನೆಗೆ ಬರುವ ನಮ್ಮ ಕಡೆಯ ಹೆಸರುಗಳಿಗೆ ಅದು ಸರಿ. ಊರ ಹೆಸರಿನಿಂದ ಶುರುವಾಗುವ ಹಳೆ ಮೈಸೂರು ಕಡೆಯ ಹೆಸರುಗಳಿಗೆ ಸರಿಯಲ್ಲ. ಬೇಡ ಅನ್ನಿಸಿದರೆ ಪ್ರಿಫರೆನ್ಸಸ್‌ನ ಟ್ವೀಕ್ಸ್‌ನಲ್ಲಿ ಆಥರ್ ಸಾರ್ಟ್ ಕಾಪಿ ಮೆಥಡ್ ಎಂಬಲ್ಲಿ ಕಾಪಿ ಎಂದು ಕೊಡಿ. ಹೆಸರು ಇದ್ದ ಹಾಗೇ ಉಳಿಯುತ್ತದೆ.

ಬುಕ್ಸ್ ಫೋಲ್ಡರ್ ತೆರೆದು ನೋಡಿದರೆ ಗಾಬರಿಯಾಗಬೇಡಿ. ಕ್ಯಾಲಿಬರ್ ಕನ್ನಡ ಹೆಸರುಗಳನ್ನು ಡಿಸ್ಕ್ ಮೇಲೆ ಇಂಗ್ಲಿಷ್ ಅಕ್ಷರಕ್ಕೆ ಇಳಿಸುತ್ತದೆ, ಓದಲು ವಿಚಿತ್ರವಾಗಿರುತ್ತದೆ. ಅದನ್ನು ಚೆಂದ ಮಾಡಲು ಹೋಗಿ ಫೋಲ್ಡರ್ ಹೆಸರು ಬದಲಿಸಿದರೆ ಸೂಚಿಗೂ ಪುಸ್ತಕಕ್ಕೂ ಕೊಂಡಿ ತಪ್ಪುತ್ತದೆ. ಪರದೆ ಮೇಲೆ ಕನ್ನಡ ಸರಿ ಇದ್ದರೆ ಆಯಿತು.

ಭಾಷೆಯ ಕಾಲಂ ಬಿಡಬೇಡಿ. ಕ್ಯಾಲಿಬರ್-ವೆಬ್‌ನಲ್ಲಿ ಪ್ರತಿ ಬಳಕೆದಾರರಿಗೂ ಯಾವ ಭಾಷೆಯ ಪುಸ್ತಕ ಕಾಣಬೇಕು ಎಂದು ಗೊತ್ತುಮಾಡಬಹುದು. ಉರ್ದು ಮಾತ್ರ ಓದುವ ಅಜ್ಜನಿಗೆ ಉರ್ದು ಕಪಾಟು ಮಾತ್ರ ತೆರೆಯುತ್ತದೆ. ಸಂಪುಟಗಳಲ್ಲಿ ಬಂದ ವಚನಗಳಿಗೆ ಸೀರೀಸ್ ಕಾಲಂ ಬಳಸಿ, ಸಂಪುಟ ಸಂಖ್ಯೆ ಅಲ್ಲಿ ಹಾಕಿ.

ಇನ್ನು ನುಡಿ, ಬರಹದ ಹಳೆ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್‌ಗಳು. ಕಣ್ಣಿಗೆ ಕನ್ನಡ, ಒಳಗೆ ಯೂನಿಕೋಡ್ ಅಲ್ಲ. ಒಂದು ಸಾಲು ಕಾಪಿ ಮಾಡಿ ಬೇರೆಡೆ ಅಂಟಿಸಿ, ತಲೆ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದು ಹಳೆ ಫಾಂಟ್. ಇಂಥದ್ದನ್ನೂ ಸ್ಕ್ಯಾನ್ ಪುಸ್ತಕಗಳನ್ನೂ ಇಪಬ್‌ಗೆ (ಪರದೆಗೆ ತಕ್ಕಂತೆ ಅಕ್ಷರ ಹೊಂದಿಕೊಳ್ಳುವ ಇ-ಪುಸ್ತಕ ರೂಪ) ಬದಲಿಸುವ ಆಸೆ ಬಿಡಿ, ಕಸವೇ ಬರುತ್ತದೆ. ಪಿಡಿಎಫ್ ಆಗಿಯೇ ಇರಲಿ, ಹುಡುಕಲು ಶೀರ್ಷಿಕೆ ಮತ್ತು ಟ್ಯಾಗ್ ಯೂನಿಕೋಡ್ ಕನ್ನಡದಲ್ಲಿದ್ದರೆ ಸಾಕು.

ಪುಸ್ತಕ ಎಲ್ಲಿಂದ? ಕನ್ನಡ ವಿಕಿಸೋರ್ಸ್‌ನಿಂದ ನೇರ ಇಪಬ್ ಇಳಿಸಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆ ಕನ್ನಡ ಪುಸ್ತಕಗಳ ಸ್ಕ್ಯಾನ್ ರಾಶಿ ಇದೆ. ಶಾಲೆಯ ಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘ ಪಿಡಿಎಫ್ ಆಗಿ ಉಚಿತವಾಗಿ ಕೊಡುತ್ತದೆ, ಉರ್ದು ಮತ್ತು ಮರಾಠಿ ಮಾಧ್ಯಮದವೂ ಸಿಗುತ್ತವೆ. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಈಗ ಬರೆಯುತ್ತಿರುವವರ ಪುಸ್ತಕವನ್ನು ದುಡ್ಡು ಕೊಟ್ಟೇ ತನ್ನಿ.

ಫೋನ್‌ನಲ್ಲಿ ಓದುವುದು

ಬ್ರೌಸರ್‌ನಲ್ಲೇ ಇಪಬ್, ಪಿಡಿಎಫ್ ಎರಡೂ ತೆರೆಯುತ್ತವೆ. ಆಂಡ್ರಾಯ್ಡ್‌ನಲ್ಲಿ ಕನ್ನಡ ಫಾಂಟ್ ಮೊದಲೇ ಇರುತ್ತದೆ, ಚೌಕಗಳು ಕಾಣುವ ಕಾಲ ಹೋಯಿತು. ಜಾಸ್ತಿ ಓದುವವರು ಕೋರೀಡರ್ ಅಥವಾ ಲಿಬ್ರೆರಾ ಎಂಬ ಓದುವ ಆಪ್ ಹಾಕಿಕೊಳ್ಳಿ. ಅದರ ಓಪಿಡಿಎಸ್ (ಪುಸ್ತಕಗಳ ಪಟ್ಟಿ ಹಂಚುವ ವಿಧಾನ) ಜಾಗದಲ್ಲಿ ನಿಮ್ಮ ಐಪಿ, ಕೋಲನ್, 8083, ಓರೆಗೆರೆ, ಓಪಿಡಿಎಸ್ ಎಂದು ಕೊಟ್ಟರೆ ಇಡೀ ಭಂಡಾರ ಆಪ್ ಒಳಗೇ ಬರುತ್ತದೆ. ಇಳಿಸಿಕೊಂಡ ಪುಸ್ತಕಕ್ಕೆ ಆಮೇಲೆ ನೆಟ್ ಬೇಕಿಲ್ಲ. ಯಾದಗಿರಿಗೋ ಬೀದರ್‌ಗೋ ಹೋಗುವ ರೈಲಿನಲ್ಲಿ ಅನುಕೂಲ.

ಮನೆಯ ಹೊರಗಿನಿಂದಲೂ ಬೇಕೆಂದರೆ ರೌಟರ್‌ನಲ್ಲಿ ಪೋರ್ಟ್ ತೆರೆದು ಇಂಟರ್ನೆಟ್‌ಗೆ ಬಿಡಬೇಡಿ. ಎಷ್ಟೋ ಮನೆ ಸಂಪರ್ಕಗಳಿಗೆ ಸ್ವಂತ ಪಬ್ಲಿಕ್ ಐಪಿಯೇ ಇರುವುದಿಲ್ಲ, ತೆರೆದರೂ ತಲುಪುವುದಿಲ್ಲ. ಇದ್ದರೂ ಅದು ಸುರಕ್ಷಿತವಲ್ಲ. ನಿಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಬೆಸೆಯುವ ಟೈಲ್‌ಸ್ಕೇಲ್ ಹಾಕಿ. ಸರ್ವರ್‌ನಲ್ಲೊಮ್ಮೆ, ಫೋನ್‌ನಲ್ಲೊಮ್ಮೆ, ಒಂದೇ ಖಾತೆಯಿಂದ ಲಾಗಿನ್. ಅದು ಕೊಡುವ ವಿಳಾಸದ ಕೊನೆಗೆ ಕೋಲನ್, 8083 ಸೇರಿಸಿದರೆ ಹಾಸ್ಟೆಲ್‌ನಲ್ಲಿ ಕೂತೂ ಮನೆಯ ಪುಸ್ತಕ ತೆಗೆಯಬಹುದು. ಸ್ವಂತ ಬಳಕೆಗೆ ಉಚಿತ.

ಬ್ಯಾಕಪ್

ಬೀದರ್‌ನ ಮಹಮೂದ್ ಗವಾನ್ ಮದರಸಾ ನೋಡಿದ್ದೀರಲ್ಲ? 1472ರಲ್ಲಿ ಕಟ್ಟಿದ ಆ ವಿದ್ಯಾಲಯಕ್ಕೆ ದೊಡ್ಡ ಗ್ರಂಥಭಂಡಾರವೇ ಇತ್ತು. 17ನೇ ಶತಮಾನದ ಕೊನೆಗೆ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಉರುಳಿಹೋಯಿತು, ಈಗ ಮುಂದೆ ಒಂದೇ ಮಿನಾರು ನಿಂತಿದೆ. ನಿಮ್ಮ ಹಾರ್ಡ್‌ಡಿಸ್ಕ್‌ಗೆ ಮದ್ದು ಬೇಕಿಲ್ಲ, ಒಂದು ವೋಲ್ಟೇಜ್ ಏರಿಳಿತ ಸಾಕು.

ಕಾಪಿ ಮಾಡಬೇಕಾದದ್ದು ಮೂರೇ: ಕಂಪೋಸ್ ಫೈಲ್, ಕಾನ್ಫಿಗ್, ಬುಕ್ಸ್. ಕಂಟೈನರ್ ಅನ್ನಾಗಲಿ ಇಮೇಜ್ ಅನ್ನಾಗಲಿ ಉಳಿಸಬೇಕಿಲ್ಲ. ಡಾಕರ್ ಕಂಪೋಸ್ ಸ್ಟಾಪ್ ಕೊಟ್ಟು, ಆರ್‌ಸಿಂಕ್ ಅನ್ನುವ ಕಾಪಿ ಆಜ್ಞೆಯಿಂದ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ, ಮತ್ತೆ ಸ್ಟಾರ್ಟ್. ನಡೆಯುತ್ತಿರುವಾಗಲೇ ಕಾಪಿ ಮಾಡಿದರೆ ಡೇಟಾಬೇಸ್ ಅರ್ಧಂಬರ್ಧ ಬರುವ ಸಾಧ್ಯತೆ ಇದೆ. ಇದನ್ನು ಕ್ರಾನ್‌ಗೆ (ಗೊತ್ತುಮಾಡಿದ ಹೊತ್ತಿಗೆ ಆಜ್ಞೆ ನಡೆಸುವ ಸಾಧನ) ಹಾಕಿ ವಾರಕ್ಕೊಮ್ಮೆ ತಾನಾಗಿ ಆಗುವಂತೆ ಮಾಡಬಹುದು. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ಡಿಸ್ಕ್ ಒಯ್ದು ಅಲ್ಲೇ ಬಿಟ್ಟುಬನ್ನಿ, ಮುಂದಿನ ಹಬ್ಬಕ್ಕೆ ಹೊಸದು ಇಟ್ಟು ಹಳೆಯದನ್ನು ತನ್ನಿ.

ಮೆಟಾಡೇಟಾ ಡಾಟ್ ಡಿಬಿ ಮಾತ್ರ ಕೆಟ್ಟರೂ ಎಲ್ಲ ಮುಗಿಯಲಿಲ್ಲ. ಕ್ಯಾಲಿಬರ್ ಪ್ರತಿ ಪುಸ್ತಕದ ಪಕ್ಕದಲ್ಲಿ ಮೆಟಾಡೇಟಾ ಡಾಟ್ ಓಪಿಎಫ್ ಎಂಬ ಸಣ್ಣ ಫೈಲ್ ಇಟ್ಟಿರುತ್ತದೆ. ಡೆಸ್ಕ್‌ಟಾಪ್‌ನ ಲೈಬ್ರರಿ ಮೆಂಟೆನೆನ್ಸ್‌ನಲ್ಲಿ ರೀಸ್ಟೋರ್ ಡೇಟಾಬೇಸ್ ಒತ್ತಿದರೆ ಅವುಗಳಿಂದಲೇ ಸೂಚಿಯನ್ನು ಹೊಸದಾಗಿ ಕಟ್ಟುತ್ತದೆ.

ಬ್ಯಾಕಪ್ ಸರಿ ಇದೆಯೋ ಇಲ್ಲವೋ ನೋಡಲು ಒಂದೇ ದಾರಿ. ಬೇರೆ ಕಂಪ್ಯೂಟರ್‌ನಲ್ಲಿ ಆ ಮೂರನ್ನೂ ಇಟ್ಟು ಅಪ್ ಕೊಡಿ. ಅದೇ ಪುಸ್ತಕ, ಅದೇ ಲಾಗಿನ್ ಬಂದರೆ ಸರಿ.

ಅಪ್‌ಡೇಟ್

ತಿಂಗಳಿಗೊಮ್ಮೆ ಸಾಕು. ಮೊದಲು ಬ್ಯಾಕಪ್, ಆಮೇಲೆ ಡಾಕರ್ ಕಂಪೋಸ್ ಪುಲ್, ಆಮೇಲೆ ಮತ್ತೆ ಅಪ್ ಹೈಫನ್ ಡಿ. ತಾನಾಗಿ ಅಪ್‌ಡೇಟ್ ಮಾಡುವ ಸಾಧನಗಳಿವೆ, ಆದರೆ ಮನೆಯ ಮಕ್ಕಳಿಗೆ ನಾಳೆ ಪರೀಕ್ಷೆ ಇರುವಾಗ ರಾತ್ರಿ ಏನೋ ಬದಲಾಗಿ ಪುಟ ತೆರೆಯದಿದ್ದರೆ ಬೈಸಿಕೊಳ್ಳುವವರು ನೀವೇ. ಕೈಯಿಂದ ಮಾಡುವುದೇ ಒಳ್ಳೆಯದು. ಹಳೆ ಇಮೇಜ್‌ಗಳು ಡಿಸ್ಕ್‌ನಲ್ಲಿ ಉಳಿದು ಜಾಗ ತಿನ್ನುತ್ತವೆ. ಹೊಸದು ಸರಿಯಾಗಿ ಓಡುತ್ತಿದೆ ಎಂದು ಖಾತ್ರಿಯಾದ ಮೇಲೆ ಡಾಕರ್ ಇಮೇಜ್ ಪ್ರೂನ್ ಕೊಟ್ಟು ಅವನ್ನು ತೆಗೆದುಹಾಕಿ.